ಅಂಚಿನಲ್ಲಿ ನಿಂತ ಜಿಲ್ಲೆಗಳಿಗೂ ಮಳೆಯ ಚಿತ್ರ ಬೇಕು: ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯರೇ,

ನೆಲ್ಲು ಡಾಂಬರು ರಸ್ತೆಯ ಮೇಲೆ ಹರವಿದಾಗ, ಮೆಣಸಿನಕಾಯಿ ಕಣದಲ್ಲಿ ಒಣಗುವಾಗ, ಹತ್ತಿ ಗಿಡದಲ್ಲೇ ಒಡೆದು ನಿಂತಾಗ ರೈತನಿಗೆ ಬೇಕಾಗುವುದು ನಾಳೆಯ ಮುನ್ಸೂಚನೆಯಲ್ಲ, ಮುಂದಿನ ಎರಡು ತಾಸಿನ ಸುದ್ದಿ. ಒಂದು ಎಕರೆಯ ನೆಲ್ಲನ್ನು ಬಳಿದು ಗುಡ್ಡೆ ಹಾಕಿ ತಾಡಪಾಲು ಬಿಗಿಯಲು ನಾಲ್ಕು ಆಳಿಗೆ ಮುಕ್ಕಾಲು ತಾಸು ಹಿಡಿಯುತ್ತದೆ. ಮಳೆ ಬರುವ ಮೊದಲು ಆ ಮುಕ್ಕಾಲು ತಾಸು ಕೈಗೆ ಸಿಕ್ಕರೆ ಸಾಕು. ಅದನ್ನು ಕೊಡಬಲ್ಲದ್ದು ಹವಾಮಾನ ರೇಡಾರ್, ಅಂದರೆ ರೇಡಿಯೋ ಅಲೆ ಬಿಟ್ಟು, ಹನಿಗಳಿಂದ ತಿರುಗಿ ಬಂದದ್ದನ್ನು ಹಿಡಿದು ಮಳೆ ಎಲ್ಲಿದೆಯೆಂದು ತೋರಿಸುವ ಯಂತ್ರ. ಅದರ ಚಿತ್ರ ಭಾರತೀಯ ಹವಾಮಾನ ಇಲಾಖೆಯ ಜಾಲತಾಣದಲ್ಲೂ ಮೌಸಮ್ ಆ್ಯಪ್‌ನಲ್ಲೂ ದುಡ್ಡಿಲ್ಲದೆ ಸಿಗುತ್ತದೆ. ಆದರೂ ನಮ್ಮ ಮೂರು ಜಿಲ್ಲೆಗಳಲ್ಲಿ ಅದು ಕೆಲಸಕ್ಕೆ ಬಾರದೆ ಉಳಿದಿದೆ. ಒಂದು, ನಾವಿರುವುದು ರೇಡಾರ್‌ಗಳ ಅಂಚಿನಲ್ಲಿ. ಇನ್ನೊಂದು, ಆ ಚಿತ್ರವನ್ನು ಓದಿ, ತಾಸಿನ ಲೆಕ್ಕದಲ್ಲಿ, ಹೋಬಳಿಯ ಹೆಸರು ಹಿಡಿದು ಹೇಳುವ ಕೆಲಸ ಇನ್ನೂ ಯಾರ ಪಾಲಿಗೂ ಬಂದಿಲ್ಲ.

2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ತಾವೇ ಅಧ್ಯಕ್ಷರು. ಆದ್ದರಿಂದ ಈ ಪತ್ರ ತಮಗೆ. ರೇಡಾರ್ ಚಿತ್ರವನ್ನು ತಾವೇ ನೋಡಿ ಪ್ರಯೋಜನ ಪಡೆಯಬೇಕೆನ್ನುವ ರೈತರು, ಕುರಿಗಾಹಿಗಳು, ಗಂಜಿನ ಹಮಾಲರು, ಮೇಸ್ತ್ರಿಗಳು ಕೂಡ ಇದನ್ನು ಓದಲಿ ಎಂದು ವಿವರವಾಗಿಯೇ ಬರೆದಿದ್ದೇವೆ.

ಮೊದಲು ದೂರದ ಲೆಕ್ಕ. ಹೈದರಾಬಾದಿನ ರೇಡಾರ್‌ನಿಂದ ರಾಯಚೂರು ನಗರಕ್ಕೆ ನೇರ ಅಳತೆಯಲ್ಲಿ ಸುಮಾರು 180 ಕಿ.ಮೀ., ಮಾನ್ವಿಗೆ 220, ಸಿಂಧನೂರಿಗೆ 260, ಗಂಗಾವತಿಗೂ ಬಳ್ಳಾರಿಗೂ 300ರ ಮೇಲೆ, ಕೊಪ್ಪಳಕ್ಕೆ 340. ಗೋವಾದ ರೇಡಾರ್‌ನಿಂದ ಕೊಪ್ಪಳ ಸುಮಾರು 250 ಕಿ.ಮೀ., ಆದರೆ ನಡುವೆ ಸಹ್ಯಾದ್ರಿ ಅಡ್ಡ ನಿಂತಿದೆ. ಲಿಂಗಸುಗೂರು ಕಡೆಯವರಿಗೆ ಸೊಲ್ಲಾಪುರದ ರೇಡಾರ್ ಕೊಂಚ ಹತ್ತಿರ, 180ರ ಆಸುಪಾಸು.

ದೂರ ಹೆಚ್ಚಾದರೆ ಏನು ತೊಂದರೆ? ರೇಡಾರ್ ತನ್ನ ಅಲೆಯನ್ನು ನೆಲಕ್ಕಿಂತ ಅರ್ಧ ಡಿಗ್ರಿ ಮೇಲಕ್ಕೆ ಬಿಡುತ್ತದೆ. ಭೂಮಿ ಗುಂಡಗಿರುವುದರಿಂದ, ಅಲೆ ಮುಂದೆ ಹೋದಷ್ಟೂ ನೆಲ ಅದರ ಕೆಳಗೆ ಬಾಗಿ ಇಳಿಯುತ್ತ ಹೋಗುತ್ತದೆ. ರಾಯಚೂರಿನ ಮೇಲೆ ಆ ಅಲೆಯ ನಡುಭಾಗ ಸುಮಾರು ಮೂರೂವರೆ ಕಿಲೋಮೀಟರ್ ಎತ್ತರದಲ್ಲಿರುತ್ತದೆ. ಸಿಂಧನೂರಿನ ಮೇಲೆ ಆರು ಕಿಲೋಮೀಟರ್ ದಾಟಿರುತ್ತದೆ, ಗಂಗಾವತಿಯ ಮೇಲೆ ಎಂಟರ ಹತ್ತಿರ. ಅಲೆ ಹರಡಿಕೊಳ್ಳುವುದೂ ಇದೆ: ಒಂದು ಡಿಗ್ರಿ ಅಗಲದ ಅಲೆ 180 ಕಿ.ಮೀ. ದೂರದಲ್ಲಿ ಮೂರು ಕಿಲೋಮೀಟರ್ ದಪ್ಪ, 300ರಲ್ಲಿ ಐದು ಕಿಲೋಮೀಟರ್ ದಪ್ಪ ಆಗಿರುತ್ತದೆ. ಅಂದರೆ ಗಂಗಾವತಿಯಲ್ಲಿ ಸುರಿಯುವ ಮಳೆಯನ್ನು ಹೈದರಾಬಾದ್ ನೋಡುವುದೇ ಇಲ್ಲ, ಮೋಡದ ನೆತ್ತಿಯನ್ನಷ್ಟೇ ನೋಡುತ್ತದೆ.

ಇದರಿಂದ ಆಗುವ ತಪ್ಪುಗಳು ಋತುವಿಗೆ ತಕ್ಕಂತೆ ಬೇರೆಬೇರೆ. ಆಷಾಢದ ಜಿಟಿಜಿಟಿ ಮಳೆ ತಗ್ಗು ಮೋಡದ್ದು. ಐದು ಕಿಲೋಮೀಟರಿನೊಳಗೇ ಹುಟ್ಟಿ ಅಲ್ಲೇ ಮುಗಿಯುವ ಮೋಡದ ಮೇಲಿಂದ ರೇಡಾರ್ ಅಲೆ ದಾಟಿ ಹೋಗುತ್ತದೆ, ಚಿತ್ರ ಖಾಲಿ. ಸಿಂಧನೂರಿನಲ್ಲಿ ದಿನವಿಡೀ ಹನಿ ಬೀಳುತ್ತಿದ್ದರೂ ಮೊಬೈಲಿನಲ್ಲಿ ಬಣ್ಣ ಕಾಣದು. ಅದನ್ನು ನೋಡಿ ಕೀಟನಾಶಕ ಸಿಂಪಡಿಸಲು ಹೊರಟರೆ ಔಷಧಿಯೂ ಹೋಯಿತು, ಆಳಿನ ಕೂಲಿಯೂ ಹೋಯಿತು. ಏಪ್ರಿಲ್–ಮೇ ತಿಂಗಳ ಗುಡುಗು ಮೋಡ ಹಾಗಲ್ಲ. ಅದು 12 ಕಿಲೋಮೀಟರ್ ಮೀರಿ ಬೆಳೆಯುವುದರಿಂದ ದೂರದ ರೇಡಾರ್‌ಗೂ ಸಿಗುತ್ತದೆ. ಆದರೆ ಆಗ ನೆಲದ ಹತ್ತಿರದ ಗಾಳಿ ಒಣಗಿ ಬೆಂಕಿಯಂತಿರುವುದರಿಂದ, ಮೇಲಿನಿಂದ ಹೊರಟ ಹನಿ ದಾರಿಯಲ್ಲೇ ಆವಿಯಾಗಿ ಹೋಗಬಹುದು. ಚಿತ್ರದಲ್ಲಿ ಹಳದಿ, ನೆಲದಲ್ಲಿ ಬರೀ ಧೂಳು. ಹನಿ ಆವಿಯಾದಾಗ ಗಾಳಿ ತಣ್ಣಗಾಗಿ ಭಾರವಾಗಿ ಕೆಳಕ್ಕೆ ಧುಮುಕುತ್ತದೆ. ತಗಡು ಹಾರಿಸುವ, ಬಾಳೆ ಮಲಗಿಸುವ ಬಿರುಗಾಳಿ ಬರುವುದು ಹೀಗೆ. ಆದ್ದರಿಂದ ಬೇಸಿಗೆಯಲ್ಲಿ ಬಣ್ಣ ಕಂಡೂ ಮಳೆ ಬರಲಿಲ್ಲವೆಂದರೆ ಚಿತ್ರ ಸುಳ್ಳಾಯಿತೆಂದು ತಿಳಿಯಬಾರದು. ಅವತ್ತು ಗಾಳಿಗೇ ಹೆಚ್ಚು ಹೆದರಬೇಕು.

ರಾಯಚೂರು ನಗರದವರಿಗೆ ಇನ್ನೊಂದು ಮಾತು. ಇಲ್ಲಿ ಅಲೆ ಎರಡರಿಂದ ಐದು ಕಿಲೋಮೀಟರ್ ಎತ್ತರವನ್ನು ಒಟ್ಟಿಗೆ ನೋಡುತ್ತದೆ. ಮಳೆಗಾಲದಲ್ಲಿ ಹಿಮ ಕರಗಿ ನೀರಾಗುವ ಎತ್ತರ ಹೆಚ್ಚುಕಡಿಮೆ ಐದು ಕಿಲೋಮೀಟರ್. ಕರಗುತ್ತಿರುವ ಹಿಮದ ಹಳುಕಿಗೆ ನೀರಿನ ಹೊದಿಕೆ ಬಂದು ರೇಡಾರ್‌ಗೆ ಅದು ದೊಡ್ಡ ಹನಿಯಂತೆ ಹೊಳೆಯುತ್ತದೆ. ಹಾಗಾಗಿ ಹಗುರ ಮಳೆಯೂ ಜೋರು ಬಣ್ಣ ತೋರಿಸುವುದುಂಟು.

ಈಗ ಚಿತ್ರ ಓದುವ ಬಗೆ. ತೆರೆದ ಕೂಡಲೇ ಬಣ್ಣ ನೋಡಬಾರದು, ಹೊತ್ತು ನೋಡಬೇಕು. ರೇಡಾರ್ ಚಿತ್ರದ ಮೇಲೆ ಸಾಮಾನ್ಯವಾಗಿ ಬರೆದಿರುವುದು ಯುಟಿಸಿ ಹೊತ್ತು, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣಿತ ಹೊತ್ತು. ಅದಕ್ಕೆ ಐದೂವರೆ ತಾಸು ಕೂಡಿಸಿದರೆ ನಮ್ಮ ಗಡಿಯಾರದ ಹೊತ್ತು. 09:40 ಎಂದಿದ್ದರೆ ಅದು ಮಧ್ಯಾಹ್ನ 3.10ರ ಚಿತ್ರ. ಇದು ಗೊತ್ತಿಲ್ಲದವರು ಹೊಸ ಚಿತ್ರವನ್ನು ಬೆಳಗಿನದೆಂದು ಬಿಟ್ಟುಬಿಡುತ್ತಾರೆ. ಇನ್ನು ಕೆಲವರು ನಿನ್ನೆಯ ಸ್ಕ್ರೀನ್‌ಶಾಟನ್ನೇ ವಾಟ್ಸ್ಆ್ಯಪ್ ಗುಂಪಿಗೆ ಹಾಕಿ ಊರನ್ನೇ ಓಡಾಡಿಸುತ್ತಾರೆ. ಹೊತ್ತು, ತಾರೀಖು ಕಾಣದ ಚಿತ್ರವನ್ನು ಯಾರೂ ಮುಂದಕ್ಕೆ ಕಳಿಸಬಾರದು. ರೇಡಾರ್ ಹತ್ತು ನಿಮಿಷಕ್ಕೊಮ್ಮೆ ಸುತ್ತು ಮುಗಿಸಿದರೂ ಚಿತ್ರ ನಮ್ಮ ಕೈಗೆ ಬರುವಾಗ ಕೆಲವೊಮ್ಮೆ 15–20 ನಿಮಿಷ ಹಳತಾಗಿರುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಬಣ್ಣದ ಪಟ್ಟಿಯ ಪಕ್ಕದ ಅಂಕಿ ಡಿಬಿಝಡ್. ಅದು ಮಳೆಯ ಅಳತೆಯಲ್ಲ, ಹನಿಗಳಿಂದ ತಿರುಗಿ ಬಂದ ಅಲೆಯ ಬಲ. ಬಳಕೆಯಲ್ಲಿರುವ ಒಂದು ಸೂತ್ರದ ಪ್ರಕಾರ 20 ಅಂದರೆ ತಾಸಿಗೆ ಒಂದು ಮಿಲಿಮೀಟರಿಗೂ ಕಡಿಮೆ, 30 ಅಂದರೆ ಮೂರರ ಹತ್ತಿರ, 40 ಅಂದರೆ ಹನ್ನೊಂದು–ಹನ್ನೆರಡು, 50 ಅಂದರೆ ಐವತ್ತರ ಹತ್ತಿರ. ಹತ್ತು ಅಂಕಿ ಏರಿದರೆ ಮಳೆ ನಾಲ್ಕು ಪಟ್ಟು ಏರುತ್ತದೆ, ಇದನ್ನು ಮರೆಯಬಾರದು. 55 ದಾಟಿದರೆ ಆಲಿಕಲ್ಲಿನ ಸಂಶಯ ಇಟ್ಟುಕೊಳ್ಳಬೇಕು. ಮ್ಯಾಕ್ಸ್ ಝಡ್ ಎಂಬ ಚಿತ್ರದಲ್ಲಿ ಮೇಲೆ ಮತ್ತು ಪಕ್ಕದಲ್ಲಿ ಎರಡು ಪಟ್ಟಿಗಳಿರುತ್ತವೆ, ಅವು ಮೋಡದ ಎತ್ತರ ಹೇಳುತ್ತವೆ. ಬಹಳ ಜನ ಅವನ್ನು ನೋಡುವುದೇ ಇಲ್ಲ. 45ರ ಮೇಲಿನ ಬಣ್ಣ ಎಂಟು–ಹತ್ತು ಕಿಲೋಮೀಟರ್ ಎತ್ತರಕ್ಕೆ ಹತ್ತಿದ್ದರೆ ಅದು ಸಿಡಿಲಿನ ಮೋಡ, ಮಾತೇ ಇಲ್ಲ. ಆದರೆ 250 ಕಿ.ಮೀ. ವ್ಯಾಪ್ತಿಯ ಹೈದರಾಬಾದ್ ಚಿತ್ರದಲ್ಲಿ ಸಿಂಧನೂರು ಅಂಚಿನಿಂದ ತುಸು ಹೊರಗೇ ಉಳಿಯುತ್ತದೆ. ಕೊಪ್ಪಳ, ಗಂಗಾವತಿ, ಬಳ್ಳಾರಿ ಇನ್ನೂ ಆಚೆ. ಅಲ್ಲಿ ಬಣ್ಣವಿಲ್ಲ ಎಂದರೆ ಮಳೆಯಿಲ್ಲ ಎಂದಲ್ಲ, ಚಿತ್ರವೇ ಇಲ್ಲ ಎಂದರ್ಥ.

ಮೋಡ ಎಷ್ಟು ಹೊತ್ತಿಗೆ ಬಂದೀತು ಎಂದು ತಿಳಿಯಲು ಒಂದೇ ಚಿತ್ರ ಸಾಲದು. 20 ನಿಮಿಷದ ಅಂತರದ ಎರಡು ಚಿತ್ರ ತೆಗೆದುಕೊಳ್ಳಿ. ಅಳತೆಗೋಲು ಬೇಕಿದ್ದರೆ ಹೈದರಾಬಾದ್–ರಾಯಚೂರು 180 ಕಿ.ಮೀ. ಎಂಬುದನ್ನೇ ಬಳಸಿ: ಮೊಬೈಲಿನ ಮೇಲೆ ಅದು 6 ಸೆಂ.ಮೀ. ಬಂದರೆ ಒಂದು ಸೆಂ.ಮೀ. ಅಂದರೆ 30 ಕಿ.ಮೀ. ಮೋಡದ ನಡುಭಾಗವನ್ನಲ್ಲ, ನಮ್ಮ ಕಡೆಯ ಅಂಚನ್ನು ಗುರುತು ಮಾಡಿ. 20 ನಿಮಿಷದಲ್ಲಿ ಅಂಚು 10 ಕಿ.ಮೀ. ಸರಿದಿದ್ದರೆ ವೇಗ ತಾಸಿಗೆ 30. ಅದು 45 ಕಿ.ಮೀ. ದೂರದಲ್ಲಿದ್ದರೆ ಒಂದೂವರೆ ತಾಸು. ಚಿತ್ರ ಹಳತಾದ 15 ನಿಮಿಷ ಕಳೆಯಿರಿ. ಉಳಿದದ್ದರಲ್ಲೂ ಮೂರರಲ್ಲಿ ಎರಡು ಪಾಲನ್ನಷ್ಟೇ ನಂಬಿ, ಅಂದರೆ 50 ನಿಮಿಷ. ಯಾಕೆಂದರೆ ಮೋಡದಿಂದ ಹೊರಟ ತಣ್ಣನೆಯ ಗಾಳಿ ಮಳೆಗಿಂತ ಮೊದಲು ಬರುತ್ತದೆ, ಮತ್ತು ಆ ಗಾಳಿ ನೆಲದ ಬಿಸಿಗಾಳಿಯನ್ನು ಎತ್ತಿ ಮುಂದುಗಡೆಯೇ ಹೊಸ ಮೋಡ ಹುಟ್ಟಿಸುತ್ತದೆ. ಒಂಟಿ ಮೋಡದ ಆಯುಷ್ಯ ಸಾಮಾನ್ಯವಾಗಿ ಅರ್ಧದಿಂದ ಒಂದು ತಾಸು. ಬಿಡಿ ಮೋಡವೊಂದು 60 ಕಿ.ಮೀ. ಆಚೆ ಇದ್ದರೆ ಅದು ನಮ್ಮವರೆಗೆ ಬದುಕಿರುವುದೇ ಅನುಮಾನ. ಸಾಲು ಮೋಡ ಹಾಗಲ್ಲ, ಒಂದು ಸತ್ತರೆ ಮತ್ತೊಂದು ಹುಟ್ಟುತ್ತ ತಾಸುಗಟ್ಟಲೆ ನಡೆಯುತ್ತದೆ. ದಿಕ್ಕನ್ನಂತೂ ವಾಡಿಕೆಯ ಮೇಲೆ ಊಹಿಸಬಾರದು. ನೆಲದ ಗಾಳಿ ಒಂದು ಕಡೆ, ಮೋಡ ಸಾಗುವುದು ಮತ್ತೊಂದು ಕಡೆ ಇರುವುದು ನಮ್ಮ ಭಾಗದಲ್ಲಿ ಮಾಮೂಲು.

ಸುಳ್ಳು ಬಣ್ಣಗಳೂ ಇವೆ. ಚಳಿಗಾಲದ ನಸುಕಿನಲ್ಲಿ ನೆಲ ತಣ್ಣಗಾಗಿ ಮೇಲಿನ ಗಾಳಿ ಬೆಚ್ಚಗಿದ್ದಾಗ ಅಲೆ ಬಾಗಿ ನೆಲಕ್ಕೇ ಬಡಿದು ಮರಳುತ್ತದೆ. ಆಕಾಶ ನಿರ್ಮಲ, ಚಿತ್ರದಲ್ಲಿ ಮಾತ್ರ ಅಲ್ಲಾಡದ ಚುಕ್ಕೆಗಳ ರಾಶಿ. ಬಿಸಿಲೇರಿದ ಮೇಲೆ ತಾನೇ ಮಾಯ. ಬಂಡಿ ಗಾಲಿಯ ಅರೆಯಂತೆ ನೇರ ಗೆರೆ ಕಂಡರೆ ಅದು ಬೇರೆ ರೇಡಿಯೋ ಅಲೆಯ ಅಡ್ಡಿ. ಇನ್ನು, ಮಳೆ ತೋರಿಸುತ್ತೇವೆ ಎನ್ನುವ ಹಲವು ಖಾಸಗಿ ಆ್ಯಪ್‌ಗಳಲ್ಲಿ ಕಾಣುವುದು ರೇಡಾರ್ ಆಗಿರದೆ ಕಂಪ್ಯೂಟರ್ ಅಂದಾಜೋ ಉಪಗ್ರಹದ ಲೆಕ್ಕವೋ ಆಗಿರಬಹುದು. ನಾಳೆಯ ಮಳೆಯನ್ನೂ ಅದೇ ಬಣ್ಣದಲ್ಲಿ ತೋರಿಸಿದರೆ ಅದು ರೇಡಾರ್ ಅಲ್ಲ. ರೇಡಾರ್‌ಗೆ ನಾಳೆ ಕಾಣುವುದಿಲ್ಲ.

ಹೀಗಿರುವಾಗ ಸಿಂಧನೂರಿನಿಂದ ಪಶ್ಚಿಮಕ್ಕಿರುವವರು ರೇಡಾರ್ ಒಂದನ್ನೇ ನಂಬಿ ಕೂಡುವಂತಿಲ್ಲ. ಇನ್ಸಾಟ್ ಉಪಗ್ರಹದ ಚಿತ್ರದಲ್ಲಿ ಮೋಡದ ನೆತ್ತಿ ಎಷ್ಟು ತಣ್ಣಗಿದೆ ಎಂಬುದು ಗೊತ್ತಾಗುತ್ತದೆ, ಅರ್ಧ ತಾಸಿನಲ್ಲಿ ನೆತ್ತಿ ಹಿಗ್ಗುತ್ತಿದ್ದರೆ ಮೋಡ ಬೆಳೆಯುತ್ತಿದೆ ಎಂದರ್ಥ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ದಾಮಿನಿ ಆ್ಯಪ್ ಸಿಡಿಲು ಎಲ್ಲಿ ಬೀಳುತ್ತಿದೆಯೆಂದು ತೋರಿಸುತ್ತದೆ. ಮೂರನೆಯದು, ನಮ್ಮ ರಾಜ್ಯದ ದೊಡ್ಡ ಆಸ್ತಿ: ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದವರೆಗೆ ಹಾಕಿರುವ ಮಳೆಮಾಪಕಗಳು. 15 ನಿಮಿಷಕ್ಕೊಮ್ಮೆ ಅಂಕಿ ಕಳಿಸುವ ಇಂಥ ದಟ್ಟ ಜಾಲ ದೇಶದ ಬಹುಪಾಲು ರಾಜ್ಯಗಳಲ್ಲಿಲ್ಲ. ಕುಷ್ಟಗಿಯ ಮಾಪಕಗಳು ಒಂದಾದ ಮೇಲೊಂದು ನೆನೆಯುತ್ತ ಬಂದರೆ ಕನಕಗಿರಿ, ಕಾರಟಗಿಯವರಿಗೆ ಅದೇ ರೇಡಾರ್.

ಆದರೆ ಮಾಪಕ ಕೆಟ್ಟಿದ್ದರೆ ಎಲ್ಲವೂ ತಲೆಕೆಳಗು. ಒಳಗಿನ ಪುಟ್ಟ ಬಟ್ಟಲು ತುಂಬಿ ಮಗುಚಿದಾಗ ಒಂದು ಎಣಿಕೆ ಆಗುತ್ತದೆ. ಲಾಳಿಕೆಯ ತೂತಿಗೆ ಹಕ್ಕಿ ಹಿಕ್ಕೆ, ಬೇವಿನೆಲೆ, ಜೇಡರ ಬಲೆ ಕಟ್ಟಿಕೊಂಡರೆ ಜಡಿಮಳೆಯಲ್ಲೂ ಸೊನ್ನೆ ತೋರಿಸಿ, ಮಳೆ ನಿಂತ ಮೇಲೆ ತಾಸುಗಟ್ಟಲೆ ತೊಟ್ಟಿಕ್ಕಿ ಇಲ್ಲದ ಮಳೆ ತೋರಿಸುತ್ತದೆ. ಪರೀಕ್ಷೆ ಸುಲಭ. ಲಾಳಿಕೆಯ ಬಾಯಿಯ ಅಡ್ಡಳತೆ 20 ಸೆಂ.ಮೀ. ಇದ್ದರೆ ಅದರ ವಿಸ್ತೀರ್ಣ 314 ಚದರ ಸೆಂ.ಮೀ.; 314 ಮಿ.ಲೀ. ನೀರನ್ನು ಅರ್ಧ ತಾಸಿನಲ್ಲಿ ಹನಿಹನಿಯಾಗಿ ಬಿಟ್ಟರೆ ಸರಿಯಾಗಿ 10 ಮಿಲಿಮೀಟರ್ ಬರಬೇಕು. ಒಮ್ಮೆಲೇ ಸುರಿದರೆ ಬಟ್ಟಲು ಮಗುಚುವಷ್ಟರಲ್ಲಿ ನೀರು ಚೆಲ್ಲಿ ಲೆಕ್ಕ ಕಡಿಮೆ ಬರುತ್ತದೆ. ಪರೀಕ್ಷೆಗೆ ಮೊದಲು ಉಸ್ತುವಾರಿ ಕೇಂದ್ರಕ್ಕೆ ತಿಳಿಸಿ ಒಪ್ಪಿಗೆ ಪಡೆಯಬೇಕು, ಇಲ್ಲವಾದರೆ ಆ ಸುಳ್ಳು ಮಳೆ ಬೆಳೆ ವಿಮೆಯ ಲೆಕ್ಕಕ್ಕೂ ಸೇರೀತು. ಏಪ್ರಿಲ್ ಮೊದಲ ವಾರ ಮತ್ತು ಸೆಪ್ಟೆಂಬರ್ ಮೊದಲ ವಾರ, ವರ್ಷಕ್ಕೆ ಎರಡು ಬಾರಿ, ಪ್ರತಿ ಪಂಚಾಯಿತಿಯಲ್ಲೂ ಮಾಪಕ ಸ್ವಚ್ಛವಾಗಬೇಕು. ಮೇಲೆ ಬಾಗಿದ ಮರದ ಕೊಂಬೆ ಕಡಿಯಬೇಕು. ಪಿಡಿಒಗಳಿಗೆ ತಾವೊಂದು ಸುತ್ತೋಲೆ ಹೊರಡಿಸಿದರೆ ಆಗುವ ಕೆಲಸವಿದು.

ನಮ್ಮ ಮುಖ್ಯ ಬೇಡಿಕೆ ಇನ್ನೊಂದಿದೆ. ಏಪ್ರಿಲ್–ಮೇ ಮತ್ತು ಸೆಪ್ಟೆಂಬರ್ ಕೊನೆಯಿಂದ ಡಿಸೆಂಬರ್ ಮಧ್ಯದವರೆಗೆ, ಮಧ್ಯಾಹ್ನ 1ರಿಂದ ರಾತ್ರಿ 9ರವರೆಗೆ, ಪ್ರತಿ ಜಿಲ್ಲೆಯ ನಿಯಂತ್ರಣ ಕೊಠಡಿಯಲ್ಲಿ ಒಬ್ಬರು ರೇಡಾರ್, ಉಪಗ್ರಹ, ದಾಮಿನಿ, ಮಳೆಮಾಪಕ ಈ ನಾಲ್ಕನ್ನೂ ಎದುರಿಗಿಟ್ಟುಕೊಂಡು ಕೂಡಬೇಕು. ಈಗ ಬರುವ ಎಚ್ಚರಿಕೆ ಜಿಲ್ಲೆಯ ಹೆಸರಿನಲ್ಲಿರುತ್ತದೆ. ಲಿಂಗಸುಗೂರಿಗೂ ರಾಯಚೂರಿಗೂ ನಡುವೆ 90 ಕಿ.ಮೀ.; ಗುಡುಗು ಮೋಡದ ಅಗಲ ಹತ್ತೋ ಹದಿನೈದೋ. ಜಿಲ್ಲೆಗೆಲ್ಲ ಹಳದಿ ಎಚ್ಚರಿಕೆ ಕೊಟ್ಟ ದಿನ ಹತ್ತರಲ್ಲಿ ಒಂಬತ್ತು ಊರಿಗೆ ಹನಿಯೂ ಬೀಳದೆ ಹೋದರೆ, ಹತ್ತನೆಯ ಸಂದೇಶವನ್ನು ಯಾರು ತೆರೆದು ನೋಡುತ್ತಾರೆ? ಕೃಷಿ ವಿಶ್ವವಿದ್ಯಾಲಯದಿಂದ ಮಂಗಳವಾರ, ಶುಕ್ರವಾರ ಬರುವ ಸಲಹೆ ಬಿತ್ತನೆ, ಗೊಬ್ಬರ ಯೋಜಿಸಲು ಚೆನ್ನಾಗಿದೆ, ಅದು ಐದು ದಿನದ ಮಾತು. ನಾವು ಕೇಳುತ್ತಿರುವುದು ಈ ಥರದ ಸಂದೇಶ:

"ಹೊತ್ತು 3.40. ಮಸ್ಕಿ ಮೇಲೆ ಗುಡುಗು ಮಳೆ, ಆಗ್ನೇಯಕ್ಕೆ ಸಾಗುತ್ತಿದೆ. 4.15ರಿಂದ 5.15ರೊಳಗೆ ಸಿಂಧನೂರು, ಜವಳಗೇರಾ ಸುತ್ತ ಗಾಳಿ ಸಹಿತ ಮಳೆ ಬರಬಹುದು. ರಾಶಿ ಮುಚ್ಚಿ. ಕುರಿ, ದನ ಬಯಲಿನಲ್ಲಿ ಬೇಡ. ಮುಂದಿನ ಸಂದೇಶ 4.10ಕ್ಕೆ."

ಹೊತ್ತು, ಸ್ಥಳ, ದಿಕ್ಕು, ಮಾಡಬೇಕಾದ ಕೆಲಸ, ಮುಂದಿನ ಸುದ್ದಿ ಯಾವಾಗ, ಇಷ್ಟಿದ್ದರೆ ಸಾಕು. ಮೋಡ ದಾರಿ ಬದಲಿಸಿದರೆ ಅಥವಾ ದಾಟಿ ಹೋದರೆ ಅದನ್ನೂ ಹೇಳಲೇಬೇಕು. ತಾಡಪಾಲಿನಡಿ ನೆಲ್ಲು ಬೆವರಿ ತೇವ ಏರುತ್ತದೆ, ಸರ್ಕಾರಿ ಖರೀದಿಗೆ ತೇವಾಂಶದ ಮಿತಿ ಶೇ. 17. ಮೆಣಸಿನಕಾಯಿಯಂತೂ ಒಂದು ರಾತ್ರಿ ಮುಚ್ಚಿದಡಿಯಲ್ಲಿ ಕುಳಿತರೆ ಬೂಷ್ಟು ಹಿಡಿದು ಬಣ್ಣ ಕೆಡುತ್ತದೆ. ತೆರೆಯಿರಿ ಎಂಬ ಸಂದೇಶ ಮುಚ್ಚಿರಿ ಎಂಬುದರಷ್ಟೇ ಬೆಲೆಯುಳ್ಳದ್ದು. ಮುಚ್ಚುವಾಗ ಗಾಳಿ ಬರುವ ಬದಿಯನ್ನು ಮೊದಲು ಕಲ್ಲು, ಮಣ್ಣಿನ ಚೀಲ ಹೇರಿ ಬಿಗಿಯಬೇಕು, ರಾಶಿಯ ಸುತ್ತ ಗೇಣುದ್ದ ಕಾಲುವೆ ತೆಗೆಯಬೇಕು. ನೀರು ಮೇಲಿನಿಂದ ಬಂದದ್ದಕ್ಕಿಂತ ಅಡಿಯಿಂದ ನುಗ್ಗಿ ಕೆಡಿಸಿದ್ದೇ ಹೆಚ್ಚು.

ಇದೇ ಸಂದೇಶ ರಾಯಚೂರಿನ ರಾಜೇಂದ್ರ ಗಂಜ್, ಸಿಂಧನೂರು, ಗಂಗಾವತಿ, ಸಿರುಗುಪ್ಪದ ಮಾರುಕಟ್ಟೆಗಳ ಧ್ವನಿವರ್ಧಕದಲ್ಲಿ ಕೇಳಿಸಲಿ. ಮೊಬೈಲ್ ನೋಡಲು ಹಮಾಲರಿಗೆ ಬಿಡುವಿರುವುದಿಲ್ಲ. ಕಟಾವು ಯಂತ್ರದವರಿಗೂ ಹೋಗಲಿ: ಎರಿ ಹೊಲದಲ್ಲಿ ಅರ್ಧ ತಾಸಿನ ಮಳೆಗೇ ಟೈರಿನ ಯಂತ್ರ ಹೂತು ಕೂಡುತ್ತದೆ. ಸ್ಲ್ಯಾಬ್ ಹಾಕುವ ಮೇಸ್ತ್ರಿಗಳಿಗೆ, ಹಸಿ ಇಟ್ಟಂಗಿ ಸಾಲಿಟ್ಟ ಭಟ್ಟಿಗಳಿಗೆ ಕೂಡ.

ಕುರಿಗಾಹಿಗಳ ವಿಷಯದಲ್ಲಿ ರೇಡಾರ್ ಬಣ್ಣದ ಅಂಚನ್ನು ಗಡಿ ಎಂದುಕೊಳ್ಳುವುದು ಪ್ರಾಣಕ್ಕೆ ಅಪಾಯ. ಸಿಡಿಲು ಮಳೆಯಿಂದ ಹತ್ತು ಕಿಲೋಮೀಟರ್ ಆಚೆ ಒಣ ನೆಲಕ್ಕೂ ಬೀಳುತ್ತದೆ. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಿ; ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಮೂವತ್ತರೊಳಗೆ ಗುಡುಗಿದರೆ ಬಯಲು ಬಿಡಬೇಕು, ಕೊನೆಯ ಗುಡುಗಿನಿಂದ ಅರ್ಧ ತಾಸು ಕಾಯಬೇಕು. ಒಂಟಿ ಬೇವು, ಜಾಲಿ ಮರದಡಿ ನಿಲ್ಲಬಾರದು. ಪಕ್ಕಾ ಕಟ್ಟಡ ಸಿಗದ ಎರಿ ಬಯಲಿನಲ್ಲಿ ಒಬ್ಬರಿಂದೊಬ್ಬರು ದೂರ ಸರಿದು, ಎರಡೂ ಪಾದ ಜೋಡಿಸಿ ಕುಕ್ಕರಗಾಲಿನಲ್ಲಿ ಕೂರಬೇಕು, ಮಲಗಬಾರದು. ದಡ್ಡಿ ಹಾಕಿರುವ ಕುರಿಗಾಹಿಗಳ ಮೊಬೈಲ್ ಸಂಖ್ಯೆಗಳನ್ನು ಪಶುವೈದ್ಯ ಆಸ್ಪತ್ರೆಗಳ ಮೂಲಕ ಒಟ್ಟುಗೂಡಿಸಿ, ಈ ಎಚ್ಚರಿಕೆಯನ್ನು ಅವರಿಗೆ ಧ್ವನಿ ಕರೆಯಾಗಿ ಕಳಿಸಬೇಕು. ಅಕ್ಷರದ ಸಂದೇಶ ಸಾಲದು.

ಪ್ರತಿ ಸಂದೇಶಕ್ಕೂ ದಾಖಲೆ ಇರಲಿ. ಹೇಳಿದೆವು, ಬಂತು. ಹೇಳಿದೆವು, ಬರಲಿಲ್ಲ. ಹೇಳಲಿಲ್ಲ, ಬಂತು. ಮರುದಿನ ಬೆಳಿಗ್ಗೆ 8.30ರ ಮಾಪಕದ ಅಂಕಿಯೊಂದಿಗೆ ತಾಳೆ ನೋಡಿ ಈ ಮೂರನ್ನೂ ಬರೆದಿಡಬೇಕು, ತಿಂಗಳಿಗೊಮ್ಮೆ ಪ್ರಕಟಿಸಬೇಕು. ತಪ್ಪಿದ್ದನ್ನು ಮುಚ್ಚಿಡದ ಕೊಠಡಿಯ ಮಾತನ್ನು ಜನ ನಂಬುತ್ತಾರೆ.

ಒಂದು ಎಚ್ಚರ. ನದಿ ದಂಡೆಯವರಿಗೆ ಈ ಚಿತ್ರ ಸಾಲದು. ಕಂಪ್ಲಿ ಸೇತುವೆಯ ಹತ್ತಿರ ತುಂಗಭದ್ರೆ ಉಕ್ಕುವುದು ಮಲೆನಾಡಿನ ಮಳೆಗೆ, ಲಿಂಗಸುಗೂರಿನ ಕೃಷ್ಣಾ ನಡುಗಡ್ಡೆಗಳು ಮುಳುಗುವುದು ನಾರಾಯಣಪುರ ಅಣೆಕಟ್ಟೆಯಿಂದ ಬಿಟ್ಟ ನೀರಿಗೆ. ಮೇಲೆ ಆಕಾಶ ತಿಳಿಯಾಗಿದ್ದರೂ ಹೊಳೆ ಏರಬಹುದು. ಅಲ್ಲಿಗೆ ಕ್ಯೂಸೆಕ್ ಲೆಕ್ಕದ ಸಂದೇಶವೇ ಬೇರೆ ಇರಬೇಕು.

ಇಷ್ಟೆಲ್ಲ ಮಾಡಿದರೂ ಹತ್ತಿರದ ರೇಡಾರ್‌ಗೆ ಬದಲಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಂಪುಟ 2000 ಕೋಟಿ ರೂಪಾಯಿಯ ಮಿಷನ್ ಮೌಸಮ್ ಯೋಜನೆಗೆ ಒಪ್ಪಿಗೆ ಕೊಟ್ಟಿತು. ರೇಡಾರ್‌ಗಳನ್ನು ಹೆಚ್ಚಿಸುವುದು ಅದರ ಉದ್ದೇಶಗಳಲ್ಲೊಂದು. ನಕಾಶೆ ತೆರೆದು ಸಿಂಧನೂರಿನ ಮೇಲೆ ಕೈವಾರದ ಮೊನೆ ಇಡಿ. ನೇರ ಅಳತೆಯಲ್ಲಿ ರಾಯಚೂರು ಸುಮಾರು 80 ಕಿ.ಮೀ., ಕೊಪ್ಪಳ 80, ಬಳ್ಳಾರಿ 72. ಮೂರು ಸೆಂಟಿಮೀಟರ್ ಅಲೆಯ ಎಕ್ಸ್ ಬ್ಯಾಂಡ್ ರೇಡಾರ್ ನೂರು ಕಿಲೋಮೀಟರ್ ಸುತ್ತ ನೋಡಿದರೂ ಮೂರು ಜಿಲ್ಲಾ ಕೇಂದ್ರಗಳು ಅದರೊಳಗೆ ಬರುತ್ತವೆ. ಅಲ್ಲಿಂದ ಹೊರಟ ಅಲೆ 80 ಕಿ.ಮೀ. ದೂರದಲ್ಲಿ ಒಂದೇ ಕಿಲೋಮೀಟರಿಗಿಂತ ತುಸು ಎತ್ತರದಲ್ಲಿರುತ್ತದೆ. ಆಷಾಢದ ಜಿಟಿಜಿಟಿಯೂ ಸಿಗುತ್ತದೆ, ಮೋಡದ ಮುಂದೆ ಓಡುವ ಗಾಳಿಯ ತೆಳು ಗೆರೆಯೂ ಸಿಗುತ್ತದೆ. ಕೊರತೆಯೂ ಇದೆ: ಎಕ್ಸ್ ಬ್ಯಾಂಡ್ ಅಲೆ ಜೋರು ಮಳೆಯಲ್ಲಿ ಸೊರಗುತ್ತದೆ, ಮುಂದಿನ ಮೋಡದ ಹಿಂದೆ ಅಡಗಿದ್ದು ಮಸುಕಾಗುತ್ತದೆ. ಐದು ಸೆಂಟಿಮೀಟರಿನ ಸಿ ಬ್ಯಾಂಡ್ ಸಿಕ್ಕರೆ ಆ ಕೊರತೆ ಕಡಿಮೆ, ಖರ್ಚು ಹೆಚ್ಚು. ಜಾಗ ನೋಡುವಾಗ ಸಂಡೂರಿನ ಗುಡ್ಡಸಾಲು, ಆನೆಗೊಂದಿಯ ಬಂಡೆಗಳು ಯಾವ ದಿಕ್ಕಿಗೆ ಅಡ್ಡ ಬರುತ್ತವೆ ಎಂಬ ಅಳತೆ ಆಗಬೇಕು. ಯಲಬುರ್ಗಾ ಕಡೆಯ ಗಾಳಿ ವಿದ್ಯುತ್ ಕಂಬಗಳ ರೆಕ್ಕೆ ತಿರುಗುವುದೂ ರೇಡಾರ್‌ಗೆ ಮಳೆಯಂತೆ ಕಾಣುತ್ತದೆ, ಅದನ್ನು ಸೋಸುವ ಏರ್ಪಾಡು ಮೊದಲೇ ಇರಬೇಕು. ಹಗಲು ರಾತ್ರಿ ತಪ್ಪದ ಕರೆಂಟು, ಜನರೇಟರ್, ಸಿಡಿಲು ನಿರೋಧಕ, ಕೆಟ್ಟರೆ ಬಂದು ನೋಡುವ ಎಂಜಿನಿಯರ್ ಯಾರು ಎಂಬುದೂ ಪ್ರಸ್ತಾವನೆಯಲ್ಲೇ ಇರಲಿ. ಗುಡುಗಿನ ದಿನವೇ ಕರೆಂಟು ಹೋಗಿ ಕಣ್ಣು ಮುಚ್ಚುವ ರೇಡಾರ್‌ನಿಂದ ಯಾರಿಗೂ ಉಪಯೋಗವಿಲ್ಲ.

ಮೂವರು ಜಿಲ್ಲಾಧಿಕಾರಿಗಳೂ ಒಂದೇ ಪ್ರಸ್ತಾವನೆಗೆ ಸಹಿ ಹಾಕಿ ರಾಜ್ಯ ಉಸ್ತುವಾರಿ ಕೇಂದ್ರ ಮತ್ತು ಹವಾಮಾನ ಇಲಾಖೆಗೆ ಕಳಿಸಬೇಕೆಂದು ಕೋರುತ್ತೇವೆ. ರೇಡಾರ್‌ಗೆ ವರ್ಷಗಳೇ ಹಿಡಿಯಬಹುದು. ನಿಯಂತ್ರಣ ಕೊಠಡಿಯ ಕುರ್ಚಿ, ಮಾಪಕಗಳ ಸ್ವಚ್ಛತೆ, ಗಂಜಿನ ಧ್ವನಿವರ್ಧಕ ಈ ಸಲದ ಹಸ್ತ ಮಳೆಗೆ ಮೊದಲೇ ಆಗಬಹುದು. ಚಿತ್ರ ಓದಲು ಕೂಡುವ ಸಿಬ್ಬಂದಿಗೆ ಎರಡು ದಿನ ಕೂತು ಕಲಿಸಿಕೊಡಲು ನಾವು ಸಿದ್ಧರಿದ್ದೇವೆ.

ಇಂತಿ,
ಮಳೆಯ ಚಿತ್ರವನ್ನು ನಿತ್ಯ ಓದುವ ಸಿಂಧನೂರು, ಮಾನ್ವಿ, ಗಂಗಾವತಿ ಭಾಗದ ಕೆಲವರು